ಹಳೆಯ ಮೋಟರ್ ಸೈಕಲ್‌ಗಳ ಮನೆಮಟ್ಟದ ಮರುರೂಪ

ಹಳೆಯ ಬೈಕನ್ನು ಮಾಲೀಕನೇ ಮನೆಯಲ್ಲಿ ಬಿಚ್ಚಿ, ದುರಸ್ತಿ ಮಾಡಿ, ತನ್ನ ಅಭಿರುಚಿಗೆ ತಕ್ಕಂತೆ ಮಾರ್ಪಡಿಸುವ ಹವ್ಯಾಸ. ಕರ್ನಾಟಕದಲ್ಲಿ ಈ ಮಾತು ಬಂದಾಗ ಮೊದಲು ನೆನಪಾಗುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆ 1970ರ ದಶಕದಲ್ಲಿ ‘ಯೆಜ್ಡಿ’ ಹೆಸರಿಗೆ ಹೊರಳಿ, 1996ರಲ್ಲಿ ಮುಚ್ಚಿತು.

ಇವು ಎರಡು ಸ್ಟ್ರೋಕಿನ, ಬಹುತೇಕ 250 ಸಿಸಿ ದರ್ಜೆಯ ಗಾಡಿಗಳು. ಎಂಜಿನ್ನಿನಲ್ಲಿ ವಾಲ್ವ್‌ಗಳಿಲ್ಲ; ಬಿಚ್ಚಿ ಜೋಡಿಸುವುದು ಸುಲಭ. ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ ಆಗುತ್ತದೆ. ಸೈಲೆನ್ಸರಿನೊಳಗೆ ಕಟ್ಟಿದ ಮಸಿ ತೆಗೆಯುವುದು, ಇಗ್ನಿಷನ್ ಪಾಯಿಂಟ್ ಹೊಂದಿಸುವುದು, ಹಳೆಯ ಜಾವಾದ 6 ವೋಲ್ಟ್ ವೈರಿಂಗನ್ನು 12 ವೋಲ್ಟಿಗೆ ಬದಲಿಸುವುದು ಸಾಮಾನ್ಯ ಕೆಲಸಗಳು. ಟ್ಯಾಂಕಿನ ಕ್ರೋಮ್ ಮಾತ್ರ ಮನೆಯಲ್ಲಿ ಆಗದು, ಪ್ಲೇಟಿಂಗ್ ಅಂಗಡಿಯೇ ಬೇಕು.

ಮೂಲ ರೂಪ ಉಳಿಸುವುದೇ ಲೇಸು ಎಂಬುದಕ್ಕೆ ಕಾನೂನಿನ ಕಾರಣವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2021ರ ವಿಂಟೇಜ್ ನಿಯಮದಂತೆ 50 ವರ್ಷ ಮೀರಿದ, ಮೂಲರೂಪದಲ್ಲೇ ಇರುವ ವಾಹನಕ್ಕೆ ‘ವಿಎ’ ಅಕ್ಷರಗಳ ನೋಂದಣಿ ಸಿಗುತ್ತದೆ. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹೀಗಾಗಿ ಹವ್ಯಾಸಿಗಳು ಫ್ರೇಮ್ ಕತ್ತರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯೊಂದಿಗೆ ತಾಳೆ ನೋಡಿಕೊಳ್ಳಬೇಕು.