ಆರಿಸಿದ ಮೇಲೂ ಮಿಣುಕುವ ದೀಪ: ಗುಂಡು ಬಲ್ಬಿನಿಂದ ಎಲ್‌ಇಡಿವರೆಗೆ

ಸ್ವಿಚ್ ಆಫ್ ಮಾಡಿ ಮಲಗಿರುತ್ತೀರಿ. ಕತ್ತಲಲ್ಲಿ ಬಲ್ಬು ಒಮ್ಮೆ ಮಿಣಕ್ ಅನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ನಾವು ಹೋಗಿದ್ದ ಒಂದು ಮನೆಯಲ್ಲಿ ಇದನ್ನು ಕಂಡ ಅಜ್ಜಿ ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದ್ದರು. ಮಗ ನಕ್ಕು, ಬಲ್ಬು ಬದಲಿಸಲು ಹೋಗಿ ಶಾಕ್ ಹೊಡೆಸಿಕೊಂಡಿದ್ದ. ಸ್ವಿಚ್ ಆಫ್ ಇತ್ತಲ್ಲ ಎಂಬುದೇ ಅವನ ಪ್ರಶ್ನೆ. ಉತ್ತರ ಬೇಕಾದರೆ ದೀಪದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಹಳ್ಳಿಗಳಲ್ಲಿ ಮಾತ್ರ ಬುಡ್ಡಿ ದೀಪ ಇನ್ನೂ ಎಷ್ಟೋ ವರ್ಷ ಉರಿಯಿತು. ಕೊನೆಗೆ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೂ ಒಂದು ಬಲ್ಬು ಬಂತು.

ಆಗ ಬಂದದ್ದು ಗುಂಡು ಬಲ್ಬು. ಅದರೊಳಗೆ ಇರುವುದು ಒಂದು ತಂತಿ ಅಷ್ಟೆ. ಅದು ಕೆಂಪಗೆ ಕಾದರೇ ಬೆಳಕು. 60 ವ್ಯಾಟ್ ಬಲ್ಬು ಉರಿಯಲು ಸುಮಾರು 260 ಮಿಲಿಆಂಪ್ ಕರೆಂಟು ಬೇಕು. ಒಂದು ಮಿಲಿಆಂಪ್ ಸೋರಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ವೈರಿಂಗ್‌ನಲ್ಲಿ ತಪ್ಪಿದ್ದರೂ ಗುಂಡು ಬಲ್ಬು ಅದನ್ನು ತೋರಿಸಿಕೊಡುತ್ತಿರಲಿಲ್ಲ.

1973ರಲ್ಲಿ ಪೆಟ್ರೋಲಿಯಂ ಎಣ್ಣೆಯ ಬಿಕ್ಕಟ್ಟು ಬಂದಾಗ ಜಗತ್ತು ಕರೆಂಟು ಉಳಿಸುವ ದೀಪ ಹುಡುಕಿತು. 1980ರಲ್ಲಿ ಫಿಲಿಪ್ಸ್ ಕಂಪನಿ ಸಿಎಫ್‌ಎಲ್ ಮಾರಾಟಕ್ಕೆ ತಂದಿತು. 1985ರಲ್ಲಿ ಓಸ್ರಾಂ ಕಂಪನಿ ಅದರ ಬುಡದಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಕೂರಿಸಿತು. ಮಿಣುಕಾಟದ ಮೂಲ ಇಲ್ಲಿದೆ. ಆ ಸರ್ಕ್ಯೂಟ್‌ನಲ್ಲಿ ಕೆಪಾಸಿಟರ್ ಎಂಬ ಪುಟ್ಟ ಭಾಗ ಇರುತ್ತದೆ. ಅದು ಕರೆಂಟನ್ನು ತುಂಬಿಟ್ಟುಕೊಳ್ಳುವ ತಂಬಿಗೆ ಇದ್ದ ಹಾಗೆ. ಸೋರುವ ನಲ್ಲಿಯ ಕೆಳಗೆ ಇಟ್ಟರೆ ಹನಿ ಹನಿಯಾಗಿ ತುಂಬುತ್ತದೆ. ಸಾಕಷ್ಟು ತುಂಬಿದ ತಕ್ಷಣ ದೀಪ ಹೊತ್ತಲು ನೋಡುತ್ತದೆ, ಮಿಣಕ್ ಅಂದು ಖಾಲಿಯಾಗುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಮಿಣಕ್.

2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂತು. ನಮ್ಮಲ್ಲಿ ಹೊಸ ಬೆಳಕು ಹೆಸರಿನಲ್ಲಿ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಮನೆಮನೆಗೆ ಬಂತು. ಎಲ್‌ಇಡಿಗೆ ಇನ್ನೂ ಕಡಿಮೆ ಕರೆಂಟು ಸಾಕು. ಅದಕ್ಕೇ ಕೆಲವು ಮಿಣುಕುತ್ತವೆ, ಕೆಲವು ಮಂಕಾಗಿ ಉರಿಯುತ್ತಲೇ ಇರುತ್ತವೆ.

ಹನಿ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಮೂರು ದಾರಿ. ಒಂದು, ಪುಟ್ಟ ಕೆಂಪು ದೀಪ ಇರುವ ಸ್ವಿಚ್. ಆ ದೀಪದ ಕರೆಂಟು ಬಲ್ಬಿನ ಮೂಲಕವೇ ಹಾದುಹೋಗುತ್ತದೆ. ಎರಡು, ಉದ್ದಕ್ಕೆ ಅಕ್ಕಪಕ್ಕ ಎಳೆದ ತಂತಿಗಳು. ಒಂದರಲ್ಲಿ ಕರೆಂಟು ಇದ್ದರೆ ಪಕ್ಕದ್ದಕ್ಕೂ ಚೂರು ದಾಟುತ್ತದೆ. ಈ ಎರಡರಿಂದ ಭಯವಿಲ್ಲ. ಸಿಎಫ್‌ಎಲ್ ಆದರೆ ಆಯುಷ್ಯ ಕಡಿಮೆಯಾಗಬಹುದು, ಅಷ್ಟೆ.

ಮೂರನೆಯದೇ ಅಪಾಯದ್ದು. ಸ್ವಿಚ್ಚನ್ನು ಫೇಸ್ ತಂತಿಗೆ ಹಾಕಬೇಕಾದಲ್ಲಿ ನ್ಯೂಟ್ರಲ್‌ಗೆ ಹಾಕಿರುತ್ತಾರೆ. ಇಲ್ಲವೇ ರಿಪೇರಿ ಮಾಡುವಾಗ ಮೀಟರ್ ಬಳಿ ಎರಡು ತಂತಿ ಅದಲುಬದಲಾಗಿರುತ್ತವೆ. ಆಗ ಸ್ವಿಚ್ ಆಫ್ ಮಾಡಿದರೆ ದೀಪ ಆರುತ್ತದೆ, ಆದರೆ ಹೋಲ್ಡರ್‌ವರೆಗೆ ಕರೆಂಟು ನಿಂತೇ ಇರುತ್ತದೆ. ಆ ಮನೆಯ ಮಗನಿಗೆ ಶಾಕ್ ಹೊಡೆದದ್ದು ಹೀಗೆ. ಎಲೆಕ್ಟ್ರಿಷಿಯನ್ ಬಂದು ತಂತಿ ಸರಿಮಾಡಿದ ಮೇಲೆ ಮಿಣುಕಾಟವೂ ನಿಂತಿತು.

ಹೊರಗಿನಿಂದ ನೋಡಿ ಈ ಮೂರರಲ್ಲಿ ಯಾವುದು ಎಂದು ಹೇಳಲಾಗದು. ಆದ್ದರಿಂದ ನಮ್ಮ ಮಾತು ಇಷ್ಟೇ: ದೀಪ ಮಿಣುಕಿದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮಿಣುಕಲಿ, ಬಿಡಲಿ, ಬಲ್ಬು ಬದಲಿಸುವ ಮುಂಚೆ ಮೇನ್ ಸ್ವಿಚ್ಚೇ ಆಫ್ ಮಾಡಿ. ಗುಂಡು ಬಲ್ಬು ಮುಚ್ಚಿಟ್ಟ ತಪ್ಪನ್ನು ಹೊಸ ಬಲ್ಬು ಕಣ್ಣು ಮಿಟುಕಿಸಿ ಹೇಳುತ್ತಿರಬಹುದು.