ಕಂಪ್ಯೂಟರಿನಲ್ಲಿ ಬ್ಲೂಟೂತ್ ತ್ವರಿತ ಸಂಪರ್ಕ: ಇತಿಹಾಸ

ಸೆಟ್ಟಿಂಗ್ಸ್‌ನ ಒಳಪುಟಗಳಿಗೆ ಹೋಗದೆ, ಪರದೆಯ ಅಂಚಿನ ಚಿಹ್ನೆಯಿಂದಲೋ ಫಲಕದಿಂದಲೋ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿಯೋ ಹೆಡ್‌ಫೋನ್, ಮೌಸ್, ಕೀಬೋರ್ಡ್, ಮೊಬೈಲ್‌ಗಳನ್ನು ಕಂಪ್ಯೂಟರಿಗೆ ನಿಸ್ತಂತುವಾಗಿ ಸೇರಿಸಿಕೊಳ್ಳುವ ಏರ್ಪಾಡೇ ಬ್ಲೂಟೂತ್ ತ್ವರಿತ ಸಂಪರ್ಕ. ಬ್ಲೂಟೂತ್‌ನ ಚರಿತ್ರೆಯನ್ನು ಆವೃತ್ತಿ ಸಂಖ್ಯೆಗಳ ಮೂಲಕ ಹೇಳುವುದು ರೂಢಿ. ರೇಡಿಯೋದ ವೇಗ ಎಷ್ಟು ಹೆಚ್ಚಿತು, ವಿದ್ಯುತ್ ಬಳಕೆ ಎಷ್ಟು ತಗ್ಗಿತು ಎಂಬುದು ಅದರಿಂದ ತಿಳಿಯುತ್ತದೆ. ಬಳಸುವವರಿಗೆ ಅದು ಎಷ್ಟು ಕೈಗೆಟುಕಿತು ಎಂಬುದು ತಿಳಿಯುವುದಿಲ್ಲ. ಈ ಎರಡನೆಯ ಚರಿತ್ರೆಯ ತಿರುವುಗಳೇ ಬೇರೆ. ಅವುಗಳನ್ನು ಗುರುತಿಸಬೇಕಾದರೆ, ಬರಹಗಳಲ್ಲಿ ಆಗಾಗ ಕಲಸಿಹೋಗುವ ಮೂರು ಕ್ರಿಯೆಗಳನ್ನು ಬಿಡಿಸಿ ನೋಡಬೇಕು. ರೇಡಿಯೋವನ್ನು ಚಾಲೂ ಮಾಡುವುದು ಒಂದು. ಎರಡು ಸಾಧನಗಳು ಗುಪ್ತಕೀಲಿ ಹಂಚಿಕೊಂಡು ಪರಸ್ಪರ ನೆನಪಿಟ್ಟುಕೊಳ್ಳುವ ‘ಜೋಡಣೆ’ ಇನ್ನೊಂದು; ಇದು ಸಾಮಾನ್ಯವಾಗಿ ಒಮ್ಮೆ ಮಾತ್ರ ನಡೆಯುವಂಥದ್ದು. ಜೋಡಣೆಯಾದ ಸಾಧನವನ್ನು ಬೇಕೆಂದಾಗ ಕರೆದುಕೊಳ್ಳುವ ‘ಸಂಪರ್ಕ’ ಮೂರನೆಯದು. ದಿನನಿತ್ಯ ಬೇಕಾಗುವುದು ಈ ಮೂರನೆಯದು. ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಎಲ್ಲಕ್ಕಿಂತ ತಡವಾಗಿ ಸುಲಭವಾದದ್ದೂ ಇದೇ.

ಬ್ಲೂಟೂತ್‌ನ ಮೂಲ ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಲುಂಡ್ ನಗರದ ಘಟಕ. ಯಾಪ್ ಹಾರ್ಟ್‌ಸನ್ ಒಬ್ಬರನ್ನೇ ಇದರ ಜನಕರೆಂದು ಹೇಳುವುದುಂಟು. ಆದರೆ ಕಿರುದೂರದ ರೇಡಿಯೋ ಕೊಂಡಿಯ ಕೆಲಸವನ್ನು 1989ರಲ್ಲಿ ಆರಂಭಿಸಿದವರು ನಿಲ್ಸ್ ರಿಡ್‌ಬೆಕ್. ಹಾರ್ಟ್‌ಸನ್ ಅವರೊಂದಿಗೆ ಸ್ವೆನ್ ಮ್ಯಾಟಿಸನ್ ಅವರ ಪಾಲೂ ದೊಡ್ಡದು. 1998ರ ಮೇ ತಿಂಗಳಲ್ಲಿ ಎರಿಕ್ಸನ್, ಐಬಿಎಂ, ಇಂಟೆಲ್, ನೋಕಿಯಾ, ತೊಷಿಬಾ ಸೇರಿ ಬ್ಲೂಟೂತ್ ಒಕ್ಕೂಟವನ್ನು ಪ್ರಕಟಿಸಿದವು. ಮರುವರ್ಷ 1.0 ಆವೃತ್ತಿ ಬಂತು. ಐವರಲ್ಲಿ ಮೂವರು ಕಂಪ್ಯೂಟರ್ ಲೋಕದವರಾಗಿದ್ದರೂ ಕಂಪ್ಯೂಟರಿನ ಪರದೆಯ ಮೇಲೆ ಬ್ಲೂಟೂತ್ ಹೇಗೆ ಕಾಣಬೇಕೆಂದು ಈ ಮಾನದಂಡ ಕಟ್ಟುನಿಟ್ಟಾಗಿ ಹೇಳಲಿಲ್ಲ. ಮುಂದಿನ ಗೊಂದಲದ ಬೇರು ಬಹುಪಾಲು ಇಲ್ಲಿದೆ.

ಬ್ಲೂಟೂತ್ ಒಳಗೊಂಡ ಮೊದಲ ಲ್ಯಾಪ್‌ಟಾಪ್ ಎನಿಸಿದ ಐಬಿಎಂ ಥಿಂಕ್‌ಪ್ಯಾಡ್ ಎ30 ಹೊರಬಂದದ್ದು 2001ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಕ್ವಾಲ್‌ಕಾಮ್ ‘ಬ್ಲೂಝೀ’ ಎಂಬ ಬ್ಲೂಟೂತ್ ತಂತ್ರಾಂಶವನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು. ಅದು ಲಿನಕ್ಸ್‌ನ 2.4.6 ಕರ್ನಲ್‌ಗೆ ಸೇರಿತು. ಆಪಲ್ 2002ರ ಆಗಸ್ಟ್‌ನಲ್ಲಿ ಮ್ಯಾಕ್ ಓಎಸ್ ಟೆನ್‌ನ 10.2 ಆವೃತ್ತಿಯಲ್ಲೇ ಬೆಂಬಲ ಕೊಟ್ಟಿತು. 2003ರ ಜನವರಿಯಲ್ಲಿ ಪ್ರಕಟವಾದ 12 ಇಂಚಿನ ಪವರ್‌ಬುಕ್‌ನಲ್ಲಿ ರೇಡಿಯೋ ಒಳಗೇ ಇತ್ತು. ಯಂತ್ರ ಮತ್ತು ಕಾರ್ಯಾಚರಣ ವ್ಯವಸ್ಥೆ ಎರಡೂ ಒಂದೇ ಕೈಯಲ್ಲಿದ್ದುದರಿಂದ ಮ್ಯಾಕ್‌ನ ಕಥೆ ಸರಳವಾಗಿ ಸಾಗಿತು. ವಿಂಡೋಸ್‌ನಲ್ಲಿ ಹಾಗಾಗಲಿಲ್ಲ.

ವಿಂಡೋಸ್ ಎಕ್ಸ್‌ಪಿಗೆ ಬ್ಲೂಟೂತ್ ಬಂದದ್ದು 2001ರಲ್ಲಿ, 2002ರಲ್ಲಿ, 2004ರಲ್ಲಿ ಎಂದು ಮೂರು ಬಗೆಯ ಹೇಳಿಕೆಗಳು ಚಲಾವಣೆಯಲ್ಲಿವೆ. ಮೊದಲನೆಯದು ತಪ್ಪು: 2001ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಎಕ್ಸ್‌ಪಿಯಲ್ಲಿ ಬ್ಲೂಟೂತ್ ಇರಲಿಲ್ಲ. 2002ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಬ್ಲೂಟೂತ್ ಕೀಬೋರ್ಡ್ ಮತ್ತು ಮೌಸ್ ಮಾರಾಟಕ್ಕಿಟ್ಟು, ಸರ್ವಿಸ್ ಪ್ಯಾಕ್ 1 ಇದ್ದ ಎಕ್ಸ್‌ಪಿಗೆ ಬೇಕಾದ ತಂತ್ರಾಂಶವನ್ನು ಅದರೊಂದಿಗೆ ಕೊಟ್ಟಿತು. ಎಲ್ಲ ಬಳಕೆದಾರರಿಗೂ ವ್ಯವಸ್ಥೆಯ ಭಾಗವಾಗಿಯೇ ಅದು ದೊರೆತದ್ದು 2004ರ ಆಗಸ್ಟ್‌ನ ಸರ್ವಿಸ್ ಪ್ಯಾಕ್ 2ರಿಂದ. ಹೀಗಾಗಿ ಎರಡನೆಯ ಮತ್ತು ಮೂರನೆಯ ಹೇಳಿಕೆಗಳು ಒಂದನ್ನೊಂದು ಅಲ್ಲಗಳೆಯುವುದಿಲ್ಲ. ತ್ವರಿತ ಸಂಪರ್ಕದ ಚರಿತ್ರೆಗೆ ಮುಖ್ಯವಾದದ್ದು ಮಾತ್ರ 2004.

ಅದಕ್ಕೂ ಮೊದಲಿನ ತೆರವನ್ನು ಹೊರಗಿನ ಕಂಪನಿಗಳು ತುಂಬಿದ್ದವು. ‘ಸ್ಟ್ಯಾಕ್’ ಎಂದು ಕರೆಯುವ ಪೂರ್ಣ ಬ್ಲೂಟೂತ್ ತಂತ್ರಾಂಶವನ್ನು ವಿಡ್‌ಕಾಮ್, ತೊಷಿಬಾ, ಬೀಜಿಂಗಿನ ಐವಿಟಿ ಬೇರೆಬೇರೆಯಾಗಿ ಬರೆದವು. ವಿಡ್‌ಕಾಮ್ ಹಾಕಿದ ಯಂತ್ರದಲ್ಲಿ ‘ಮೈ ಬ್ಲೂಟೂತ್ ಪ್ಲೇಸಸ್’ ಎಂಬ ಫೋಲ್ಡರ್ ಕಾಣುತ್ತಿತ್ತು. ಐವಿಟಿಯ ‘ಬ್ಲೂಸೊಲೈ’ ತೆರೆದರೆ ನಡುವೆ ಕಿತ್ತಳೆ ಬಣ್ಣದ ಗೋಲ, ಸುತ್ತಲೂ ಸಾಧನಗಳ ಚಿತ್ರಗಳು. ಒಂದು ರೇಡಿಯೋವನ್ನು ಏಕಕಾಲಕ್ಕೆ ಒಂದೇ ಸ್ಟ್ಯಾಕ್ ಆಳಬಲ್ಲದು. ಹಾಗಾಗಿ ಸರ್ವಿಸ್ ಪ್ಯಾಕ್ 2 ಬಂದ ಮೇಲೆ ಒಳಗಿನ ಸ್ಟ್ಯಾಕ್‌ಗೂ ಹೊರಗಿನದಕ್ಕೂ ತಿಕ್ಕಾಟ ಹುಟ್ಟಿತು. ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಹೆಸರಿಲ್ಲದ ಡಾಂಗಲ್‌ಗಳನ್ನು (ಹೊರಗಿನಿಂದ ಸಿಕ್ಕಿಸುವ ರೇಡಿಯೋಗಳನ್ನು) ಅದರ ಸ್ಟ್ಯಾಕ್ ಗುರುತಿಸುತ್ತಿರಲಿಲ್ಲ. ಗುರುತಿಸಿದರೂ ಅದರಲ್ಲಿ ಕೀಬೋರ್ಡ್, ಮೌಸ್, ಮುದ್ರಕ, ಕಡತ ವರ್ಗಾವಣೆಗಳಿಗೆ ಅವಕಾಶವಿತ್ತೇ ಹೊರತು ಹೆಡ್‌ಫೋನಿಗೆ ಇರಲಿಲ್ಲ. ಸಂಗೀತ ಕೇಳಬೇಕೆಂದವರು ಹಳೆಯ ಸ್ಟ್ಯಾಕ್‌ಗೇ ಮರಳಿದರು. ಈ ದೋಷದ ಹೊರತಾಗಿಯೂ ಸರ್ವಿಸ್ ಪ್ಯಾಕ್ 2 ನಿಜವಾದ ತಿರುವು: ಗಡಿಯಾರದ ಪಕ್ಕದ ನೀಲಿ ಚಿಹ್ನೆ ವಿಂಡೋಸ್‌ನದೇ ಆಯಿತು. ಅದರ ಮೇಲೆ ಬಲಗುಂಡಿ ಒತ್ತಿದರೆ ಸಾಧನ ಸೇರಿಸುವುದು, ಕಡತ ಕಳಿಸುವುದು, ಪಡೆಯುವುದು ಎಲ್ಲವೂ ಒಂದು ಪುಟ್ಟ ಪಟ್ಟಿಯಲ್ಲಿ ಸಿಗುತ್ತಿದ್ದವು.

ಇದೇ ಹೊತ್ತಿಗೆ, ಭಾರತದಲ್ಲಿ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ಮುಕ್ತಗೊಳಿಸಿದ ಕೇಂದ್ರದ ನಿಯಮಗಳು 2005ರ ಜನವರಿಯಲ್ಲಿ ಪ್ರಕಟವಾದವು. ಬ್ಲೂಟೂತ್ ಈ ಪಟ್ಟಿಯಲ್ಲೇ ಕೆಲಸ ಮಾಡುತ್ತದೆ; ವೈಫೈ ಕೂಡ ಇದನ್ನು ಬಳಸುತ್ತದೆ. ಬ್ಲೂಟೂತ್ ಸ್ಟ್ಯಾಕ್ ಬರೆದವರಲ್ಲಿ ಬೆಂಗಳೂರಿನವರೂ ಇದ್ದರು; ಮೈಂಡ್‌ಟ್ರೀ ಕಂಪನಿಯ ‘ಎಥರ್‌ಮೈಂಡ್’ ಇಂಥದ್ದೊಂದು.

ಜೋಡಣೆ ಸುಲಭವಾದದ್ದು 2007ರಲ್ಲಿ ಬಂದ ಬ್ಲೂಟೂತ್‌ನ 2.1 ಆವೃತ್ತಿಯಿಂದ. ಅದಕ್ಕೂ ಮುಂಚೆ ಎರಡೂ ಕಡೆ ಒಂದೇ ಪಿನ್ ಟೈಪಿಸಬೇಕಿತ್ತು. ಕೀಲಿಗಳೇ ಇಲ್ಲದ ಹೆಡ್‌ಸೆಟ್‌ನಲ್ಲಿ ಟೈಪಿಸುವುದೆಂತು? ತಯಾರಕರು 0000 ಅಥವಾ 1234 ಎಂದು ಮೊದಲೇ ತುಂಬಿ ಕಳಿಸುತ್ತಿದ್ದರು, ಅದು ರಕ್ಷಣೆಯೇ ಆಗಿರಲಿಲ್ಲ. 2.1 ತಂದ ಸರಳ ಜೋಡಣೆಯಲ್ಲಿ ಎರಡೂ ಪರದೆಗಳ ಆರಂಕಿ ಸಂಖ್ಯೆ ಒಂದೇ ಎಂದು ನೋಡಿ ಒಪ್ಪಿದರೆ ಸಾಕು. ಪರದೆಯಿಲ್ಲದ ಸಾಧನಕ್ಕೆ ಅದೂ ಬೇಡ. ಒಳಗೆ ಕೀಲಿ ವಿನಿಮಯದ ಗಣಿತ ಮೊದಲಿಗಿಂತ ಗಟ್ಟಿಯಾಯಿತು. ಬಳಕೆಯ ದೃಷ್ಟಿಯಿಂದ ಇದು 4.0 ಅಥವಾ 5.0 ಆವೃತ್ತಿಗಳಿಗಿಂತ ದೊಡ್ಡ ಬದಲಾವಣೆ.

ರೇಡಿಯೋ ಚಾಲೂ ಮಾಡುವ ಸ್ವಿಚ್ ಎಕ್ಸ್‌ಪಿ, ವಿಸ್ಟಾ, ವಿಂಡೋಸ್ 7ರ ಕಾಲದಲ್ಲಿ ಲ್ಯಾಪ್‌ಟಾಪ್‌ನ ಮೈಮೇಲಿನ ಗುಂಡಿಯಲ್ಲೋ ಎಫ್‌ಎನ್ ಕೀಲಿಯಲ್ಲೋ ತಯಾರಕರ ತಂತ್ರಾಂಶದಲ್ಲೋ ಇತ್ತು. 2012ರ ವಿಂಡೋಸ್ 8 ಅದನ್ನು ವ್ಯವಸ್ಥೆಯೊಳಕ್ಕೆ ತಂದಿತು. 2015ರ ವಿಂಡೋಸ್ 10 ಬಲಬದಿಯ ಆಕ್ಷನ್ ಸೆಂಟರ್‌ನಲ್ಲಿ ಒಂದು ಚೌಕವನ್ನಾಗಿಸಿತು. 2017ರ ಸೆಪ್ಟೆಂಬರ್‌ನಲ್ಲಿ ಬ್ಲೂಟೂತ್‌ನ ‘ಬ್ಲೂಬೋರ್ನ್’ ಭದ್ರತಾ ದೋಷಗಳು ಬಹಿರಂಗವಾದಾಗ ಈ ಸ್ವಿಚ್‌ನ ಬೆಲೆ ತಿಳಿಯಿತು. ಜೋಡಣೆಯಾಗದ ಸಾಧನದಿಂದಲೂ ದಾಳಿ ಸಾಧ್ಯವಿದ್ದುದರಿಂದ, ದೋಷ ತಿದ್ದುವ ನವೀಕರಣ ಸಿಗುವವರೆಗೆ ರೇಡಿಯೋ ಆರಿಸಿಡುವುದೇ ಉಪಾಯವಾಗಿತ್ತು.

ಆದರೆ ವಿಂಡೋಸ್ 10ರ ಆ ಚೌಕ ಒತ್ತಿದರೆ ಹೆಡ್‌ಫೋನ್ ಸೇರುತ್ತಿರಲಿಲ್ಲ. ‘ಬ್ಲೂಟೂತ್ ಆನ್ ಆಗಿದೆ, ಶಬ್ದ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಅನೇಕ ವೇಳೆ ಇದ್ದದ್ದು ಈ ವ್ಯತ್ಯಾಸವೇ. ವಿಂಡೋಸ್ 10ರಲ್ಲಿ ವಿಂಡೋಸ್ ಕೀಲಿಯೊಂದಿಗೆ ‘ಕೆ’ ಒತ್ತಿದರೆ ತೆರೆಯುವ ‘ಕನೆಕ್ಟ್’ ಫಲಕದಿಂದ ಆಡಿಯೋ ಸಾಧನಗಳನ್ನು ಕರೆಯಬಹುದಿತ್ತು. 2018ರ ಏಪ್ರಿಲ್ ನವೀಕರಣದ ‘ಸ್ವಿಫ್ಟ್ ಪೇರ್’, ಹತ್ತಿರ ಬಂದ ಹೊಸ ಸಾಧನವನ್ನು ತಾನೇ ಗುರುತಿಸಿ ಜೋಡಣೆಯ ಸೂಚನೆ ತೋರಿಸತೊಡಗಿತು. ಅದು ಜೋಡಣೆಯನ್ನು ಚುರುಕುಗೊಳಿಸಿತೇ ವಿನಾ ದಿನದ ಸಂಪರ್ಕವನ್ನಲ್ಲ.

ಲಿನಕ್ಸ್‌ನಲ್ಲಿ ಆದೇಶ ಸಾಲಿನ ದಾರಿ ಮೊದಲೇ ತೆರೆಯಿತು. 2012ರ ಡಿಸೆಂಬರ್‌ನಲ್ಲಿ ಬಂದ ಬ್ಲೂಝೀ 5ರ ‘ಬ್ಲೂಟೂತ್‌ಸಿಟಿಎಲ್’ ಸಾಧನದ ವಿಳಾಸ ಕೊಟ್ಟರೆ ನೇರ ಸಂಪರ್ಕ ಮಾಡುತ್ತದೆ. ಆ ಆದೇಶವನ್ನು ಒಂದು ಕೀಲಿಗೆ ಕಟ್ಟಿಕೊಂಡವರಿಗೆ ಫಲಕದ ಹಂಗೇ ಇರಲಿಲ್ಲ.

ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರೂ ಲೋಕಗಳು ಒಂದೇ ರೂಪಕ್ಕೆ ಬಂದದ್ದು 2020ರ ಬಳಿಕ. ಆ ವರ್ಷದ ನವೆಂಬರ್‌ನಲ್ಲಿ ಮ್ಯಾಕ್‌ನ ಬಿಗ್ ಸರ್ ಆವೃತ್ತಿ ಬ್ಲೂಟೂತ್ ಗುಂಡಿಯೂ ಇರುವ ಕಂಟ್ರೋಲ್ ಸೆಂಟರ್ ಎಂಬ ಫಲಕ ತಂದಿತು. 2022ರ ಸೆಪ್ಟೆಂಬರ್‌ನ ವಿಂಡೋಸ್ 11ರ 22ಎಚ್2 ನವೀಕರಣದಲ್ಲಿ, ವಿಂಡೋಸ್ ಕೀಲಿಯೊಂದಿಗೆ ‘ಎ’ ಒತ್ತಿದಾಗ ತೆರೆಯುವ ಕ್ವಿಕ್ ಸೆಟ್ಟಿಂಗ್ಸ್‌ನ ಬ್ಲೂಟೂತ್ ಗುಂಡಿಗೆ ಪಕ್ಕದಲ್ಲೊಂದು ಬಾಣ ಸೇರಿತು. ಅದನ್ನು ಒತ್ತಿದರೆ ಸಾಧನಗಳ ಪಟ್ಟಿ ಅಲ್ಲೇ ತೆರೆಯುತ್ತದೆ. ಸೇರಿಸುವುದು, ಬಿಡಿಸುವುದು, ಬ್ಯಾಟರಿ ನೋಡುವುದು ಅಲ್ಲಿಂದಲೇ ಆಗುತ್ತದೆ. ಲಿನಕ್ಸ್‌ನ ಡೆಸ್ಕ್‌ಟಾಪ್ ವ್ಯವಸ್ಥೆಗಳಲ್ಲೊಂದಾದ ಗ್ನೋಮ್ 43 ಅದೇ ತಿಂಗಳು ಇಂಥದೇ ಫಲಕವನ್ನೂ, 2023ರ ಮಾರ್ಚ್‌ನಲ್ಲಿ ಗ್ನೋಮ್ 44 ಅದರೊಳಗೆ ಸಾಧನಗಳ ಪಟ್ಟಿಯನ್ನೂ ಕೊಟ್ಟವು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಬ್ಲೂಟೂತ್ ಚೌಕ ಕೊನೆಯವರೆಗೂ ರೇಡಿಯೋದ ಸ್ವಿಚ್ಚಾಗಿಯೇ ಉಳಿಯಿತು.