26 ತಿಂಗಳ ಸಂಸದ: ಕೆ. ಜಯಪ್ರಕಾಶ್ ಹೆಗ್ಡೆ ಅವರ ರಾಜಕೀಯ ಹಾದಿ

ಉಡುಪಿ: ಕ್ಷೇತ್ರ ಪುನರ್ವಿಂಗಡಣೆಯ ಫಲವಾಗಿ ರೂಪುಗೊಂಡ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವು 2009ರಿಂದ 2024ರವರೆಗೆ ಐದು ಚುನಾವಣೆಗಳನ್ನು ಕಂಡಿದೆ. ಅವುಗಳಲ್ಲಿ ನಾಲ್ಕನ್ನು ಬಿಜೆಪಿ ಗೆದ್ದುಕೊಂಡಿದೆ. ಕಾಂಗ್ರೆಸ್‌ಗೆ ದಕ್ಕಿದ್ದು ಒಂದೇ ಒಂದು. ಅದೂ ಉಳಿದ ಅವಧಿಗಾಗಿ ನಡೆದ 2012ರ ಉಪಚುನಾವಣೆ. ಅಂದು ಗೆದ್ದವರು ವೃತ್ತಿಯಿಂದ ವಕೀಲರಾದ, ಮಾಜಿ ಸಚಿವ ಕೆ. ಜಯಪ್ರಕಾಶ್ ಹೆಗ್ಡೆ. ಸುಮಾರು 26 ತಿಂಗಳಷ್ಟೇ ದೊರೆತ ಆ ಸಂಸದ ಸ್ಥಾನವು ಅವರ ಮೂರು ದಶಕಗಳ ರಾಜಕೀಯ ಜೀವನದ ಬಲವನ್ನೂ ಮಿತಿಯನ್ನೂ ಒಟ್ಟಿಗೇ ತೋರಿಸುತ್ತದೆ.

ಬ್ರಹ್ಮಾವರದ ನೆಲೆ

ಹೆಗ್ಡೆಯವರು 1994ರಲ್ಲಿ ಜನತಾದಳದಿಂದ ಬ್ರಹ್ಮಾವರ ವಿಧಾನಸಭಾ ಕ್ಷೇತ್ರದ ಶಾಸಕರಾಗಿ ಆಯ್ಕೆಯಾದರು. ಜೆ.ಎಚ್. ಪಟೇಲ್ ಅವರ ಸಂಪುಟದಲ್ಲಿ ಸಚಿವರಾಗಿ ಮೀನುಗಾರಿಕೆ ಮತ್ತು ಬಂದರು ಖಾತೆಯನ್ನು ನಿರ್ವಹಿಸಿದರು. ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಉಡುಪಿ, ಕುಂದಾಪುರ ಹಾಗೂ ಕಾರ್ಕಳ ತಾಲೂಕುಗಳನ್ನೊಳಗೊಂಡ ಉಡುಪಿ ಜಿಲ್ಲೆ 1997ರ ಆಗಸ್ಟ್ 25ರಂದು ಅಸ್ತಿತ್ವಕ್ಕೆ ಬಂದದ್ದು ಅದೇ ಪಟೇಲ್ ಸರಕಾರದ ಕಾಲದಲ್ಲಿ.

ಜನತಾದಳ ಒಡೆದು ಹೋಳಾದ ಬಳಿಕ 1999 ಮತ್ತು 2004ರಲ್ಲಿ ಅವರು ಅದೇ ಕ್ಷೇತ್ರದಿಂದ ಪಕ್ಷೇತರರಾಗಿಯೇ ಗೆದ್ದು ಬಂದರು. ಕಾಂಗ್ರೆಸ್ ಮತ್ತು ಬಿಜೆಪಿ ನಡುವಿನ ನೇರ ಹಣಾಹಣಿಗೆ ಹೆಸರಾದ ಕರಾವಳಿಯಲ್ಲಿ ಪಕ್ಷದ ಚಿಹ್ನೆಯಿಲ್ಲದೆ ಸತತ ಎರಡು ಬಾರಿ ಗೆಲ್ಲುವುದು ಅಪರೂಪ. ಆದರೆ ಪುನರ್ವಿಂಗಡಣೆಯಲ್ಲಿ ಬ್ರಹ್ಮಾವರ ಕ್ಷೇತ್ರವೇ ನಕ್ಷೆಯಿಂದ ಮರೆಯಾಯಿತು. 2008ರಲ್ಲಿ ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಕುಂದಾಪುರದಿಂದ ಸ್ಪರ್ಧಿಸಿ ಹಾಲಾಡಿ ಶ್ರೀನಿವಾಸ ಶೆಟ್ಟಿ ಅವರೆದುರು ಸೋತರು. ಮರುವರ್ಷ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯ ಡಿ.ವಿ. ಸದಾನಂದ ಗೌಡ ಅವರೆದುರು 27,018 ಮತಗಳ ಅಂತರದಲ್ಲಿ ಪರಾಭವಗೊಂಡರು.

ಸ್ಥಾನ ತೆರವಾದ ಬಗೆ

ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ನೀಡಿದ ವರದಿಯ ಬೆನ್ನಲ್ಲೇ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು. ಕಾರ್ಕಳ ತಾಲೂಕಿನ ನಿಟ್ಟೆಯ ಮನೆತನದ ನ್ಯಾಯಮೂರ್ತಿಯೊಬ್ಬರ ವರದಿಯು ಹೀಗೆ ಪರೋಕ್ಷವಾಗಿ ತಮ್ಮದೇ ಊರಿನ ಲೋಕಸಭಾ ಕ್ಷೇತ್ರದ ಉಪಚುನಾವಣೆಗೂ ಕಾರಣವಾಯಿತು. 2011ರ ಆಗಸ್ಟ್ 4ರಂದು ಸಂಸದ ಸದಾನಂದ ಗೌಡ ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಸಂವಿಧಾನದ 164(4)ನೇ ವಿಧಿಯ ಪ್ರಕಾರ ಅವರು ಆರು ತಿಂಗಳೊಳಗೆ ರಾಜ್ಯ ಶಾಸಕಾಂಗದ ಸದಸ್ಯರಾಗಬೇಕಿತ್ತು. ಡಿಸೆಂಬರ್‌ನಲ್ಲಿ ಅವರು ವಿಧಾನ ಪರಿಷತ್ತಿಗೆ ಆಯ್ಕೆಯಾದರು; ಲೋಕಸಭಾ ಸ್ಥಾನ ತೆರವಾಯಿತು.

ಅಮೆರಿಕದ ಹಲವು ರಾಜ್ಯಗಳಲ್ಲಿ ಸೆನೆಟ್ ಸ್ಥಾನ ತೆರವಾದರೆ ರಾಜ್ಯಪಾಲರೇ ಹಂಗಾಮಿ ಸದಸ್ಯರನ್ನು ನೇಮಿಸಬಹುದು. ನಮ್ಮಲ್ಲಿ ಅಂತಹ ನೇಮಕಕ್ಕೆ ಅವಕಾಶವಿಲ್ಲ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 151ಎ ಕಲಮಿನಂತೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಅದು ಕಡ್ಡಾಯವಲ್ಲ. ಗೆದ್ದವರಿಗೆ ಸಿಗುವುದು ಹಿಂದಿನವರು ಬಿಟ್ಟುಹೋದ ಅವಧಿ ಮಾತ್ರ.

2012ರ ಮಾರ್ಚ್ ತಿಂಗಳ ಫಲಿತಾಂಶ

2012ರ ಮಾರ್ಚ್ 18ರಂದು ಮತದಾನ ನಡೆಯಿತು. ಹೆಗ್ಡೆಯವರ ಮುಖ್ಯ ಎದುರಾಳಿ ಕಾರ್ಕಳದ ಮಾಜಿ ಶಾಸಕ, ಬಿಜೆಪಿಯ ವಿ. ಸುನಿಲ್ ಕುಮಾರ್. ಜೆಡಿಎಸ್‌ನಿಂದ ಎಸ್.ಎಲ್. ಭೋಜೇಗೌಡ ಕಣದಲ್ಲಿದ್ದರು. ಬಿಜೆಪಿಗೆ ಅದು ಕಠಿಣ ಕಾಲ. ಜಿಲ್ಲೆಯಲ್ಲಿ ಪಕ್ಷವನ್ನು ಕಟ್ಟಿದ ಡಾ. ವಿ.ಎಸ್. ಆಚಾರ್ಯ ಅವರು ಫೆಬ್ರವರಿ 14ರಂದು ನಿಧನರಾಗಿದ್ದರು. ಸದನದಲ್ಲಿ ಅಶ್ಲೀಲ ದೃಶ್ಯ ವೀಕ್ಷಣೆಯ ವಿವಾದದಿಂದ ಮೂವರು ಸಚಿವರು ಅದೇ ತಿಂಗಳು ರಾಜೀನಾಮೆ ನೀಡಿದ್ದರು. ಮುಖ್ಯಮಂತ್ರಿ ಸ್ಥಾನವನ್ನು ಮರಳಿ ಬಯಸಿದ್ದ ಯಡಿಯೂರಪ್ಪ ಪ್ರಚಾರದಿಂದ ದೂರ ಉಳಿದಿದ್ದರು.

ಮಾರ್ಚ್ 21ರಂದು ಹೊರಬಿದ್ದ ಫಲಿತಾಂಶದಲ್ಲಿ ಹೆಗ್ಡೆ 45,724 ಮತಗಳ ಅಂತರದಿಂದ ಗೆದ್ದರು. ಮುಖ್ಯಮಂತ್ರಿಯೇ ಪ್ರತಿನಿಧಿಸಿದ್ದ ಕ್ಷೇತ್ರವನ್ನು ಆಡಳಿತ ಪಕ್ಷ ಕಳೆದುಕೊಂಡಿತು. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ಉಡುಪಿಯಿಂದ ಪ್ರಮೋದ್ ಮಧ್ವರಾಜ್, ಕಾಪುವಿನಿಂದ ವಿನಯ ಕುಮಾರ್ ಸೊರಕೆ ಕಾಂಗ್ರೆಸ್ ಶಾಸಕರಾಗಿ ಆಯ್ಕೆಯಾದರು. ಕಾರ್ಕಳದಲ್ಲಿ ಮಾತ್ರ ಸುನಿಲ್ ಕುಮಾರ್ ಗೆದ್ದು ಬಿಜೆಪಿಯ ನೆಲೆಯನ್ನು ಮರಳಿ ಪಡೆದರು.

ಅಂಕಿ-ಅಂಶಗಳು ಹೇಳುವುದೇನು?

2014ರ ಮಹಾಚುನಾವಣೆಯಲ್ಲಿ ಬಿಜೆಪಿಯ ಶೋಭಾ ಕರಂದ್ಲಾಜೆ ಅವರೆದುರು ಹೆಗ್ಡೆ 1,81,643 ಮತಗಳಿಂದ ಸೋತರು. ಮೇಲ್ನೋಟಕ್ಕೆ ಇದು ಮತದಾರರು ಅವರ ಕೈಬಿಟ್ಟಂತೆ ಕಾಣುತ್ತದೆ. ಆದರೆ ಅವರು ಸ್ಪರ್ಧಿಸಿದ ನಾಲ್ಕು ಲೋಕಸಭಾ ಚುನಾವಣೆಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಚಿತ್ರ ದೊರೆಯುತ್ತದೆ:

2009: ಹೆಗ್ಡೆ 3,74,423 - ಬಿಜೆಪಿ 4,01,441
2012: ಹೆಗ್ಡೆ 3,98,723 - ಬಿಜೆಪಿ 3,52,999
2014: ಹೆಗ್ಡೆ 3,99,525 - ಬಿಜೆಪಿ 5,81,168
2024: ಹೆಗ್ಡೆ 4,73,059 - ಬಿಜೆಪಿ 7,32,234

ಗೆದ್ದ ವರ್ಷಕ್ಕಿಂತ ಸೋತ ವರ್ಷ ಅವರಿಗೆ 802 ಮತಗಳು ಹೆಚ್ಚೇ ಬಂದಿದ್ದವು. ಬದಲಾದದ್ದು ಎದುರಾಳಿಯ ಬುಟ್ಟಿ. ಎರಡು ವರ್ಷಗಳಲ್ಲಿ ಬಿಜೆಪಿಯ ಮತಗಳು ಎರಡೂಕಾಲು ಲಕ್ಷಕ್ಕೂ ಅಧಿಕ ಏರಿದವು. ಯಡಿಯೂರಪ್ಪ ಪಕ್ಷಕ್ಕೆ ಮರಳಿದ್ದರು, ನರೇಂದ್ರ ಮೋದಿ ಅಲೆ ಎದ್ದಿತ್ತು, 2012ರಲ್ಲಿ ಮನೆಯಲ್ಲೇ ಉಳಿದಿದ್ದ ಮತದಾರರು ಮತಗಟ್ಟೆಗೆ ಬಂದಿದ್ದರು. ವೈಯಕ್ತಿಕ ವರ್ಚಸ್ಸು ಬ್ರಹ್ಮಾವರದಂತಹ ಒಂದು ವಿಧಾನಸಭಾ ಕ್ಷೇತ್ರವನ್ನು ಗೆಲ್ಲಿಸಬಲ್ಲದು. ಕುಂದಾಪುರದಿಂದ ತರೀಕೆರೆಯವರೆಗೆ, ಕಡಲಿನಿಂದ ಮಲೆನಾಡಿನವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹರಡಿದ ಲೋಕಸಭಾ ಕ್ಷೇತ್ರದಲ್ಲಿ ಅದು ಸೋಲಿನ ಅಂತರವನ್ನು ತಗ್ಗಿಸಬಹುದೇ ಹೊರತು ಅಲೆಯನ್ನು ತಡೆಯಲಾರದು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಪಕ್ಷಾಂತರ ಮತ್ತು ಆಯೋಗ

2015ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ನಡೆದ ಚುನಾವಣೆಯಲ್ಲಿ ಹೆಗ್ಡೆ ಪಕ್ಷೇತರರಾಗಿ ಸ್ಪರ್ಧಿಸಿದರು. ಕಾಂಗ್ರೆಸ್‌ನ ಶಿಸ್ತುಕ್ರಮಕ್ಕೆ ಗುರಿಯಾದರು; ಚುನಾವಣೆಯಲ್ಲೂ ಸೋತರು. ಅಂದು ಗೆದ್ದ ಇಬ್ಬರಲ್ಲಿ ಒಬ್ಬರಾದ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿ ಅವರೇ 2024ರ ಲೋಕಸಭಾ ಚುನಾವಣೆಯಲ್ಲಿ ಹೆಗ್ಡೆಯವರನ್ನು 2,59,175 ಮತಗಳಿಂದ ಮಣಿಸಿದವರು ಎಂಬುದು ಗಮನಾರ್ಹ.

ಈ ನಡುವೆ ಬಿಜೆಪಿ ಸೇರಿದ ಹೆಗ್ಡೆಯವರನ್ನು 2020ರಲ್ಲಿ ಅಂದಿನ ಬಿಜೆಪಿ ಸರಕಾರ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರನ್ನಾಗಿ ನೇಮಿಸಿತು. ಎಚ್. ಕಾಂತರಾಜು ಅಧ್ಯಕ್ಷತೆಯಲ್ಲಿ 2015ರಲ್ಲಿ ನಡೆದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯ ದತ್ತಾಂಶವನ್ನು ಆಧರಿಸಿದ ವರದಿಯನ್ನು 2024ರ ಫೆಬ್ರವರಿ 29ರಂದು ಅವರು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಸಲ್ಲಿಸಿದರು. ಮುಂದಿನ ತಿಂಗಳೇ ಕಾಂಗ್ರೆಸ್‌ಗೆ ಮರಳಿ ಅಭ್ಯರ್ಥಿಯಾದರು.

ವರದಿಯು 2025ರ ಏಪ್ರಿಲ್‌ನಲ್ಲಿ ಸಂಪುಟದ ಮುಂದೆ ಬಂತು. ಹಿಂದುಳಿದ ವರ್ಗಗಳ ಮೀಸಲಾತಿಯನ್ನು ಶೇ. 32ರಿಂದ ಶೇ. 51ಕ್ಕೆ ಏರಿಸುವ ಶಿಫಾರಸು ಅದರಲ್ಲಿತ್ತು. ಪ್ರಬಲ ಸಮುದಾಯಗಳಿಂದ ತೀವ್ರ ವಿರೋಧ ವ್ಯಕ್ತವಾಯಿತು. ದತ್ತಾಂಶ ಹತ್ತು ವರ್ಷ ಹಳೆಯದೆಂಬ ಕಾರಣಕ್ಕೆ 2025ರ ಜೂನ್‌ನಲ್ಲಿ ಸರಕಾರ ಹೊಸ ಸಮೀಕ್ಷೆಗೆ ನಿರ್ಧರಿಸಿತು. ಅದು ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು.

ಕ್ಷೇತ್ರದ ಪಾಲಿಗೆ ಹೆಗ್ಡೆಯವರ ಕಥೆಯಲ್ಲಿ ಒಂದು ಪ್ರಶ್ನೆ ಉಳಿದಿದೆ. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯಲ್ಲಿ ನಾಮಪತ್ರ ಸಲ್ಲಿಸುವ ಪ್ರತಿ ಅಭ್ಯರ್ಥಿಯೂ ಕಾಪುವಿನ ಮೀನುಗಾರರಿಗೆ, ಕಾರ್ಕಳದ ಕೃಷಿಕರಿಗೆ ತಾನು ಏನು ಮಾಡುವೆನೆಂದು ಹೇಳುವುದು ವಾಡಿಕೆ. ಆ ಮಾತನ್ನು ತೂಗಿ ನೋಡಿ ಮತ ನೀಡಲು ಮತದಾರನಿಗೆ ಬಿಡುವು ದೊರೆತದ್ದು ದೇಶದ ಅಲೆಯಿಲ್ಲದ ಒಂದು ಉಪಚುನಾವಣೆಯಲ್ಲಿ ಮಾತ್ರವೇ? 2012ರ ಮಾರ್ಚ್ ತಿಂಗಳ ಫಲಿತಾಂಶವನ್ನು ಎರಡೂ ಪಕ್ಷಗಳು ಇಂದಿಗೂ ಮತ್ತೆ ಓದಬೇಕಾದದ್ದು ಈ ಕಾರಣಕ್ಕೆ.